“ನೀನು ನಂಬಿದರೆ ದೇವರ ಮಹಿಮೆಯನ್ನು ಕಾಣುವಿ”: ಅಪ್ಪನ ಸಮಾಧಿಯ ಕಲ್ಲಿಗೆ ಈ ವಚನ ಬೇಕೇ?

ಮಂಗಲಪೇಟೆಯ ಶಿಕ್ಷಕಿ, ಬೀದರ

ನಮ್ಮ ತಂದೆಯವರು ಕಳೆದ ಫೆಬ್ರುವರಿಯಲ್ಲಿ ಕರ್ತನಲ್ಲಿ ನಿದ್ರೆಹೋದರು. ಅದಕ್ಕೆ ಮುಂಚಿನ ಎರಡೂವರೆ ವರ್ಷ, ವಾರಕ್ಕೆ ಎರಡು ಸಲ ಅವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನದೂ ನನ್ನ ತಮ್ಮನದೂ ಆಗಿತ್ತು. ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಕುಳಿತು ಸತ್ಯವೇದ ಓದಿ ಹೇಳುತ್ತಿದ್ದೆವು. ಅವರು ಅರ್ಧ ಕೇಳುತ್ತಿದ್ದರು. ಉಳಿದ ಹೊತ್ತು, ಔರಾದ ಕಡೆಯಿಂದ ಒಬ್ಬರೇ ಬರುತ್ತಿದ್ದ ಪಕ್ಕದ ಹಾಸಿಗೆಯ ಮುದುಕರೊಡನೆ ಮಳೆ, ಬೆಳೆಯ ಮಾತಾಡುತ್ತ, ನಮ್ಮ ಡಬ್ಬಿಯ ರೊಟ್ಟಿಯಲ್ಲಿ ಅವರಿಗೊಂದು ಪಾಲು ತೆಗೆದಿಡುತ್ತ, ಕೊನೆಗೆ ಪ್ರಾರ್ಥನೆಯ ಹೊತ್ತಿಗೆ ತಮ್ಮ ಹೆಸರನ್ನು ಮರೆತು ಆ ಮುದುಕರ ಹೆಸರನ್ನೇ ಹೇಳುತ್ತಿದ್ದರು. ಅದಿರಲಿ, ನನ್ನ ಪ್ರಶ್ನೆ ಬೇರೆಯೇ ಇದೆ.

ಕೊನೆಯ ತಿಂಗಳಲ್ಲಿ ಪರಊರಿನ ಬೋಧಕರೊಬ್ಬರು ನಮ್ಮ ಮನೆಗೆ ಬಂದು ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದ 40ನೆಯ ವಚನವನ್ನು ಓದಿ, ಅಪ್ಪನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಈ ಮನೆಯಲ್ಲಿ ಯಾರದೋ ಮನಸ್ಸಿನಲ್ಲಿ ಸಂದೇಹವಿದೆ, ಅದು ಹೋದ ದಿನ ಇವರು ಎದ್ದು ನಡೆಯುತ್ತಾರೆ ಎಂದರು. ಅಪ್ಪ ಎದ್ದು ನಡೆಯಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ನಮ್ಮ ಹತ್ತಿರದ ಸಂಬಂಧಿಕರೇ ಆ ಮಾತನ್ನು ಮತ್ತೆ ಎತ್ತಿದರು. ಯಾರದು ಆ ಸಂದೇಹ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲವಾದರೂ, ಡಾಕ್ಟರರ ಕಾಗದಗಳನ್ನು ಓದಿ ಓದಿ ಲೆಕ್ಕ ಇಡುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಎಲ್ಲರ ಕಣ್ಣೂ ನನ್ನ ಕಡೆಗೇ ಇತ್ತು.

ಈಗ ಸಮಾಧಿಗೆ ಶಹಾಬಾದ ಕಲ್ಲು ಹಾಕಿಸುತ್ತಿದ್ದೇವೆ. ಅದರ ಮೇಲೆ “ನೀನು ನಂಬಿದರೆ ದೇವರ ಮಹಿಮೆಯನ್ನು ಕಾಣುವಿ” ಎಂದು ಕೆತ್ತಿಸಬೇಕೆಂಬುದು ತಮ್ಮನ ಹಟ. ಅವನಿಗೆ ಅದು ಸಮಾಧಾನದ ಮಾತು. ನನಗೆ ಅದು ನನ್ನ ಮೇಲೆ ಬರೆದ ದೂರು. ದೇವರ ಮಹಿಮೆ ಕಾಣುವುದಕ್ಕೆ ನಂಬಿಕೆಯೇ ಬೇಕೆಂದಾದರೆ ಎಷ್ಟು ನಂಬಿಕೆ ಬೇಕು, ಅದನ್ನು ಅಳೆಯುವವರು ಯಾರು? ಓದಿದವರು, ಹಿರಿಯರು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಿವೃತ್ತ ಸಭಾಪಾಲಕ, ಹುಮನಾಬಾದ

ತಂಗಿ, ನಿನ್ನ ಬರಹವನ್ನು ಎರಡು ಸಲ ಓದಿದೆ. ಆ ಬೋಧಕರು ಓದಿದ್ದು ಅರ್ಧ ವಚನ. ನಿನ್ನ ತಮ್ಮ ಕೆತ್ತಿಸಹೊರಟದ್ದೂ ಅದೇ ಅರ್ಧ. ಪೂರ್ತಿ ವಚನ ಹೀಗಿದೆ: “ನೀನು ನಂಬಿದರೆ ದೇವರ ಮಹಿಮೆಯನ್ನು ಕಾಣುವಿ ಎಂದು ನಾನು ನಿನಗೆ ಹೇಳಲಿಲ್ಲವೇ?” ಅದು ಷರತ್ತೂ ಅಲ್ಲ, ಆರೋಪವೂ ಅಲ್ಲ, ಅಣ್ಣನೋ ತಮ್ಮನೋ ಸತ್ತು ನಾಲ್ಕು ದಿನವಾಗಿ, ಅಳುವುದಕ್ಕೂ ಶಕ್ತಿಯಿಲ್ಲದೆ ನಿಂತಿದ್ದ ಮಾರ್ಥಳೆಂಬ ಹೆಣ್ಣುಮಗಳಿಗೆ ಯೇಸುಸ್ವಾಮಿ ಹಾಕಿದ ಪ್ರಶ್ನೆ.

ಆ ಪ್ರಶ್ನೆ ಯಾವ ಗಳಿಗೆಯಲ್ಲಿ ಬಂತೆಂಬುದನ್ನೂ ನೋಡು. ಅದಕ್ಕೆ ಹದಿಮೂರು ವಚನಗಳ ಹಿಂದೆ, 27ರಲ್ಲಿ, ಮಾರ್ಥಳು ತನ್ನ ನಂಬಿಕೆಯನ್ನು ಸ್ಪಷ್ಟವಾಗಿ ಹೇಳಿಯಾಗಿದೆ: ನೀನು ಲೋಕಕ್ಕೆ ಬರಬೇಕಾದ ಕ್ರಿಸ್ತನು, ದೇವಕುಮಾರನು ಎಂದು ನಂಬಿದ್ದೇನೆ ಎಂದಿದ್ದಾಳೆ. ಯೇಸುವೇ ಕ್ರಿಸ್ತನೆಂದು ಶಿಷ್ಯನಾದ ಪೇತ್ರನು ಮಾಡಿದ ಅರಿಕೆಗೆ ಸಮನಾದ ಅರಿಕೆ ಅದು. ಹೆಣ್ಣುಮಗಳ ಬಾಯಿಂದ ಬಂತೆಂದೋ ಏನೋ, ನಮ್ಮ ಪ್ರಸಂಗಗಳಲ್ಲಿ ಅದರ ಸುದ್ದಿ ಕಡಿಮೆ. ಹೀಗಿದ್ದೂ 39ರಲ್ಲಿ, ಕಲ್ಲನ್ನು ತೆಗೆಯಿರಿ ಎಂದಾಗ ಅವಳೇ ತಡೆಯುತ್ತಾಳೆ. ನಾಲ್ಕು ದಿನವಾಯಿತು, ನಾತ ಹುಟ್ಟಿದೆ ಎನ್ನುತ್ತಾಳೆ. ಅವಳು ಹೇಳಿದ್ದು ಸುಳ್ಳಲ್ಲ. ವಾಸನೆಯ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಅವಳನ್ನು ಯೇಸು ಅವಿಶ್ವಾಸಿ ಎಂದು ಕರೆಯಲೂ ಇಲ್ಲ. ನೀನು ಡಾಕ್ಟರರ ಕಾಗದ ಓದಿದ್ದೂ ಅಷ್ಟೇ ಎಂದು ತಿಳಿ. ಅಲ್ಲಿ ಅವಳಿಂದ ಬೇಕಾಗಿದ್ದ ನಂಬಿಕೆ ಮನಸ್ಸಿನ ಸಂದೇಹವನ್ನೆಲ್ಲ ಗುಡಿಸಿ ಸಾರಿಸುವ ಸಾಹಸವಲ್ಲ. ಕಲ್ಲಿಗೆ ಅಡ್ಡ ನಿಂತವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದು.

ಇನ್ನೊಂದು ಮಾತು. ಸಮಾಧಿಯಿಂದ ಯೇಸು ಎಬ್ಬಿಸಿದ ಮಾರ್ಥಳ ಸಹೋದರ ಲಾಜರನ ನಂಬಿಕೆ ಎಷ್ಟಿತ್ತು? ಸತ್ತವನಿಗೆ ನಂಬುವುದಕ್ಕೆ ಏನಿದೆ? ರೋಗಿಯ ನಂಬಿಕೆ ಅಥವಾ ಮನೆಯವರ ನಂಬಿಕೆ ಇಷ್ಟು ಸೇರು ಆದರೆ ಇಷ್ಟು ಸ್ವಸ್ಥತೆ ಎಂಬ ಅಂಗಡಿಯ ತಕ್ಕಡಿಯನ್ನು ಈ ಅಧ್ಯಾಯದೊಳಗೆ ತಂದು ತೂಗುಹಾಕಲು ಒಂದು ಮೊಳೆಯೂ ಸಿಗುವುದಿಲ್ಲ.

ನಾನು ಮೆಥಡಿಸ್ಟ್ ಸಭೆಯವನಾದ್ದರಿಂದ ನಮ್ಮ ಮನೆತನದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಮ್ಮ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರು 1738ರ ಮಾರ್ಚ್‌ನಲ್ಲಿ, ತನಗೆ ನಂಬಿಕೆಯೇ ಇಲ್ಲವೆಂದು ಕಂಡುಕೊಂಡು ಬೋಧನೆ ಬಿಡಬೇಕೆಂದಿದ್ದಾಗ, ಪೀಟರ್ ಬೋಲರ್ ಎಂಬ ಮೊರಾವಿಯನ್ ಸಭೆಯ ಗೆಳೆಯರು, ನಂಬಿಕೆ ಸಿಗುವ ತನಕ ನಂಬಿಕೆಯನ್ನೇ ಬೋಧಿಸಿರಿ, ಸಿಕ್ಕ ಮೇಲೆ ಸಿಕ್ಕಿತೆಂದು ಬೋಧಿಸುವಿರಿ ಎಂದರು. ಅದೇ ವರ್ಷದ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವರ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂಬುದು ನಮ್ಮ ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಮಕ್ಕಳಿಗೆ ನಾವು ಹೇಳದೆ ಬಿಡುವುದೇನೆಂದರೆ, 1739ರ ಜನವರಿ 4ರಂದು ಅದೇ ವೆಸ್ಲಿಯವರು, ನಾನು ಈಗ ಕ್ರೈಸ್ತನಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡರು. ಹೃದಯ ಬೆಚ್ಚಗಾಗಿ ಎಂಟು ತಿಂಗಳೂ ತುಂಬಿರಲಿಲ್ಲ. ನಂಬಿಕೆಯನ್ನು ಅಳೆಯಹೊರಟವರಲ್ಲಿ ಅವರಿಗಿಂತ ಕಟ್ಟುನಿಟ್ಟಿನವರು ಸಿಗುವುದು ಕಷ್ಟ. ಅವರ ಅಳತೆಯೇ ಹೀಗೆ ಮೇಲೆ ಕೆಳಗೆ ಆಗುತ್ತಿತ್ತು.

ಶಹಾಪುರದ ಯುವಕ

ಸಭಾಪಾಲಕರ ವಯಸ್ಸಿಗೆ ಗೌರವವಿದ್ದರೂ ನನಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ನಂಬಿಕೆಯಿಂದ ಮಾಡುವ ಪ್ರಾರ್ಥನೆಯು ರೋಗಿಯನ್ನು ರಕ್ಷಿಸುವುದು ಎಂದು ಯಾಕೋಬನ ಪತ್ರಿಕೆಯ 5:15ರಲ್ಲಿ ಸ್ಪಷ್ಟವಾಗಿಯೇ ಇದೆ. ನನ್ನ ತಾಯಿಗೆ ಮೂರು ವರ್ಷ ಇದ್ದ ಹೊಟ್ಟೆನೋವು ಉಪವಾಸ ಪ್ರಾರ್ಥನೆಯ ನಂತರ ಹೋಯಿತು. ಅವರು ಇಂದಿಗೂ ಸಭೆಯಲ್ಲಿ ಸಾಕ್ಷಿ ಹೇಳುತ್ತಾರೆ. ದೇವರ ಮಹಿಮೆ ಎಂದರೆ ನಮ್ಮಂಥ ಬಡವರಿಗೆ ಇದೇ. ನೀವು ಅದನ್ನು ಒಳಗಿನ ನೋಟ, ಒಳಗಿನ ಅರ್ಥ ಎಂದು ಮಾಡಿಬಿಟ್ಟರೆ, ದೇವರು ಏನೂ ಮಾಡದಿದ್ದರೂ ನಡೆಯುತ್ತದೆ ಎಂದಂತಾಗುವುದಿಲ್ಲವೇ? ಅಕ್ಕನವರ ಮನಸ್ಸು ನೋಯಿಸಲು ಇದನ್ನು ಬರೆಯುತ್ತಿಲ್ಲ.

ನಿವೃತ್ತ ಸಭಾಪಾಲಕ, ಹುಮನಾಬಾದ

ತಮ್ಮಾ, ನಿನ್ನ ತಾಯಿಯ ಸಾಕ್ಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕಾಗಿ ದೇವರಿಗೆ ಸ್ತೋತ್ರ. ಯಾಕೋಬನ ಆ ವಚನದಲ್ಲಿ ಪ್ರಾರ್ಥಿಸುವವರು ಸಭೆಯ ಹಿರಿಯರು ಎಂಬುದನ್ನು ಮಾತ್ರ ಗಮನಿಸು. ರೋಗಿ ಏಳದಿದ್ದರೆ ಲೆಕ್ಕ ಕೇಳಬೇಕಾದ್ದು ಕೈಯಿಟ್ಟವರನ್ನು, ಹಾಸಿಗೆಯಲ್ಲಿ ಬಿದ್ದವರನ್ನಲ್ಲ. ಪೌಲನು ತನ್ನ ಶರೀರದ ಶೂಲ ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡು, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಪಡೆದನು. ಅವನ ನಂಬಿಕೆ ಕಡಿಮೆಯಿತ್ತೆಂದು ಹೇಳುವ ಧೈರ್ಯ ನನಗಿಲ್ಲ.

ಸೇಡಂನ ಉಪನ್ಯಾಸಕ

ನಾನು ಕ್ರೈಸ್ತನಲ್ಲ, ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಗೆಳೆಯರೊಬ್ಬರು ತೋರಿಸಿದ್ದರಿಂದ ಓದಿದೆ. ಶಿಕ್ಷಕಿಯವರ ದುಃಖಕ್ಕೆ ಅಡ್ಡಬರುವ ಉದ್ದೇಶವಿಲ್ಲ, ಆದರೆ ಮೂಲದ ಒಂದು ತೊಡಕನ್ನು ಯಾರೂ ಮುಟ್ಟಿಲ್ಲವೆನಿಸಿತು. ನಂಬಿದವರಿಗೆ ಮಾತ್ರ ಕಾಣುವ ವಸ್ತು ಎಂದರೆ, ಅದು ನಂಬಿಕೆಯೇ ಹುಟ್ಟಿಸಿದ ವಸ್ತುವಲ್ಲ ಎಂದು ಹೇಗೆ ತಿಳಿಯುವುದು? ನಿಮ್ಮ ಗ್ರಂಥದಲ್ಲೇ ಎರಡು ದಾರಿಗಳಿವೆ. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದಾಗ ಯೇಸು ತನ್ನ ಮಹಿಮೆಯನ್ನು ತೋರಿದನು, ಶಿಷ್ಯರು ಆತನನ್ನು ನಂಬಿದರು ಎಂದಿದೆ. ಅಲ್ಲಿ ಕಂಡದ್ದು ಮೊದಲು, ನಂಬಿದ್ದು ಆಮೇಲೆ. ಮಾರ್ಥಳ ಊರಾದ ಬೇಥಾನ್ಯದಲ್ಲಿ ನಂಬುವುದು ಮೊದಲು, ಕಾಣುವುದು ಆಮೇಲೆ. ಯಾವುದು ಸರಿ? ಎರಡೂ ಸರಿ ಎಂದರೆ ಅದು ಸುತ್ತುವಾದ.

ಕಲಬುರಗಿಯ ಧರ್ಮೋಪದೇಶಕಿ

ಉಪನ್ಯಾಸಕರೇ, ಬಹಳ ನ್ಯಾಯವಾದ ಪ್ರಶ್ನೆ. ನಾನು ಕಥೋಲಿಕ ಧರ್ಮಸಭೆಯವಳು. 2005ರಲ್ಲಿ ನಮ್ಮ ಧರ್ಮಕ್ಷೇತ್ರ ಸ್ಥಾಪನೆಯಾಗುವುದಕ್ಕೂ ಮುಂಚಿನಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತ ಬಂದಿದ್ದೇನೆ. ಮಕ್ಕಳು ಇದೇ ಪ್ರಶ್ನೆಯನ್ನು ಇನ್ನೂ ಚುರುಕಾಗಿ ಕೇಳುತ್ತಾರೆ.

ಮೊದಲು ‘ಮಹಿಮೆ’ ಎಂಬ ಪದವನ್ನೇ ಬಿಡಿಸೋಣ, ಏಕೆಂದರೆ ತೊಡಕಿನ ಅರ್ಧ ಅಲ್ಲಿದೆ. ಹೀಬ್ರೂ ಭಾಷೆಯಲ್ಲಿ ಇದಕ್ಕಿರುವ ಪದ ಕಾವೋದ್. ಅದರ ಧಾತುವಿನ ಅರ್ಥ ಭಾರ, ತೂಕ. ನಮ್ಮವರಿಗೆ ಇದು ಹೊಸದೇನಲ್ಲ: ‘ಗುರು’ ಎಂದರೆ ಭಾರವಾದದ್ದು, ಅದರಿಂದ ‘ಗೌರವ’ ಬಂತು, ‘ಘನ’ದಿಂದ ‘ಘನತೆ’ ಬಂತು, ತೂಕದ ಮಾತು, ತೂಕದ ಮನುಷ್ಯ ಎಂದು ನಿತ್ಯ ಆಡುತ್ತೇವೆ. ಕ್ರಿಸ್ತಪೂರ್ವದ ಮೂರನೆಯ ಎರಡನೆಯ ಶತಮಾನಗಳಲ್ಲಿ ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ಇದಕ್ಕೆ ದೋಕ್ಸ ಎಂಬ ಪದವನ್ನು ಇಟ್ಟರು. ಅದು ‘ತೋರು, ಅನ್ನಿಸು’ ಎಂಬ ಕ್ರಿಯಾಪದದಿಂದ ಬಂದು, ಅಭಿಪ್ರಾಯ, ಕೀರ್ತಿ ಎಂಬ ಅರ್ಥದಲ್ಲಿ ಬಳಕೆಯಲ್ಲಿದ್ದ ಪದ. ಹೀಗೆ ಒಂದೇ ಪದದೊಳಗೆ ವಸ್ತುವಿನ ತೂಕವೂ ನೋಡುವವನಿಗೆ ಅದು ತೋರುವ ಬಗೆಯೂ ಸೇರಿಹೋದವು. ತೂಕ ನನ್ನ ನಂಬಿಕೆಯಿಂದ ಹುಟ್ಟುವುದಿಲ್ಲ, ಕಲ್ಲು ಕಲ್ಲಿನಷ್ಟೇ ತೂಗುತ್ತದೆ. ಆದರೆ ಎತ್ತಲು ಕೈಹಾಕದವನಿಗೆ ಆ ತೂಕ ಎಂದಿಗೂ ತಿಳಿಯುವುದಿಲ್ಲ.

ಇನ್ನು ಮೊದಲು ಯಾವುದು ಎಂಬ ಪ್ರಶ್ನೆ. ನಮ್ಮ ಸಂಪ್ರದಾಯದಲ್ಲಿ ಸಂತ ಥಾಮಸ್ ಅಕ್ವಿನಾಸರ ಹಾದಿಯಲ್ಲಿ ಹೇಳುವುದಾದರೆ ವಿಶ್ವಾಸವು ನಾವು ನೋಡುವ ವಸ್ತುವಲ್ಲ, ನೋಡಲು ಸಹಾಯಮಾಡುವ ಬೆಳಕು. ಅದೂ ದೇವರೇ ಕೊಡುವ ವರ. ಆದ್ದರಿಂದ ನಂಬಿಕೆಯನ್ನು ನಾನು ಮೊದಲು ಸಂಪಾದಿಸಿ, ಅದನ್ನು ಕೊಟ್ಟು ಮಹಿಮೆಯನ್ನು ಕೊಂಡುಕೊಂಡೆ ಎಂಬ ವ್ಯಾಪಾರ ಅಲ್ಲಿಲ್ಲ. ಕಾನಾದಲ್ಲಿ ಬಡಿಸುವ ಆಳುಗಳಿಗೂ ದ್ರಾಕ್ಷಾರಸ ಎಲ್ಲಿಂದ ಬಂತೆಂದು ಗೊತ್ತಿತ್ತು, ನೀರು ತುಂಬಿದವರೇ ಅವರಲ್ಲವೇ. ಆದರೂ ಮಹಿಮೆ ಕಂಡರೆಂದು ಬರೆದಿರುವುದು ಅದಾಗಲೇ ಆತನ ಹಿಂದೆ ಹೊರಟಿದ್ದ ಶಿಷ್ಯರ ವಿಷಯದಲ್ಲಿ. ಅವರ ನಂಬಿಕೆ ಚಿಕ್ಕದಿತ್ತು, ಕಂಡ ಮೇಲೆ ಬೆಳೆಯಿತು.

ಒಂದು ಸಣ್ಣ ಗಮನಿಕೆ: ಬೇಥಾನ್ಯದ ಆ ಮಾತು “ಹೇಳಲಿಲ್ಲವೇ” ಎಂದು ಮುಗಿಯುತ್ತದೆ. ಕಾಣುವುದಕ್ಕೆ ಮುಂಚೆ ಅಲ್ಲಿ ಕೇಳುವುದಿದೆ. ಕೇಳುವಿಕೆಯಿಂದ ನಂಬಿಕೆ ಬರುತ್ತದೆ ಎಂದು ರೋಮನರಿಗೆ ಬರೆದ ಪತ್ರದಲ್ಲಿ ಪೌಲರೂ ಹೇಳುತ್ತಾರೆ. ಕ್ರಿಸ್ತನ ಶರೀರವೆಂದು ನಾವು ನಂಬುವ ಪರಮ ಪ್ರಸಾದದ ಮುಂದೆ ಮೊಣಕಾಲೂರಿದಾಗ ನಮ್ಮ ಕಣ್ಣಿಗೂ ನಾಲಗೆಗೂ ಕಾಣಸಿಗುವುದು ರೊಟ್ಟಿಯೇ. ಕಿವಿ ಕೇಳಿದ ಮಾತಿನ ಮೇಲೆಯೇ ನಾವು ಅಲ್ಲಿ ಕುಳಿತಿರುತ್ತೇವೆ. ಈ ಬಗೆಯ ನೋಟ ಶಾಶ್ವತವೂ ಅಲ್ಲ. ಈಗ ಕನ್ನಡಿಯಲ್ಲಿ ಮಸುಕಾಗಿ ಕಾಣುತ್ತೇವೆ, ಆಗ ಮುಖಾಮುಖಿಯಾಗಿ ಕಾಣುವೆವು ಎಂದು ಕೊರಿಂಥದವರಿಗೆ ಬರೆದಾಗ ಅಂದಿನ ಕನ್ನಡಿ ಎಂದರೆ ತಿಕ್ಕಿ ಹೊಳಪಿಸಿದ ಲೋಹದ ತಗಡು. ಮುಖಾಮುಖಿ ಕಂಡ ದಿನ ನಂಬಿಕೆಗೆ ಕೆಲಸವಿರುವುದಿಲ್ಲ ಎಂಬುದು ಧರ್ಮಸಭೆಯ ಬೋಧನೆ.

ಸೇಡಂನ ಉಪನ್ಯಾಸಕ

ಧನ್ಯವಾದಗಳು. ತೂಕದ ಮಾತು ನನಗೆ ಹಿಡಿಸಿತು, ಆದರೂ ಕೊಂಡಿಯೊಂದು ಕಳಚಿದಂತಿದೆ. ನಮ್ಮ ಮನೆಯ ತೊಗರಿ ಹೊಲಕ್ಕೆ ನಾನು ಹೋದರೆ ಎಲ್ಲ ಹಸಿರಾಗಿಯೇ ಕಾಣುತ್ತದೆ. ನಮ್ಮ ಅಣ್ಣ ಅಂಚಿನಲ್ಲಿ ನಿಂತೇ, ಆ ಮೂಲೆಗೆ ಸೊರಗು ರೋಗ ಬಿದ್ದಿದೆ ಎನ್ನುತ್ತಾನೆ. ಅವನ ಕಣ್ಣು ಪಳಗಿದ್ದು ಎಂದು ಒಪ್ಪುತ್ತೇನೆ, ಏಕೆಂದರೆ ಹದಿನೈದು ದಿನದಲ್ಲಿ ಆ ಮೂಲೆ ಒಣಗಿ ನನಗೂ ಕಾಣುತ್ತದೆ. ವಿಶ್ವಾಸಿಗಳ ಪಳಗಿದ ಕಣ್ಣಿಗೆ ಅಂಥ ಹದಿನೈದು ದಿನ ಎಲ್ಲಿದೆ? ಮರಣದ ನಂತರ ಎಂದರೆ ವಾದ ಅಲ್ಲಿಗೇ ನಿಲ್ಲುತ್ತದೆ.

ಚೌಬಾರದ ಕುಸುರಿಗಾರ, ಬೀದರ

ನಾನು ಮಸೀದಿಗೆ ಹೋಗುವವನು, ಬಿದ್ರಿ ಕೆಲಸ ಮಾಡುವವನು. ಶಿಕ್ಷಕಿಯವರ ತಂದೆಯವರಿಗೆ ನಮ್ಮ ಅಂಗಡಿಯ ಪರಿಚಯವಿತ್ತೆಂದು ತೋರುತ್ತದೆ, ಯಾರೆಂದು ಕೇಳುವುದಿಲ್ಲ. ಧರ್ಮದ ವಾದ ನನಗೆ ಬರುವುದಿಲ್ಲ, ನೋಟದ ಬಗ್ಗೆ ನನ್ನ ಕೆಲಸದಲ್ಲಿ ಕಂಡದ್ದನ್ನು ಹೇಳುತ್ತೇನೆ.

ಸತುವು ಹೆಚ್ಚು, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಪಾತ್ರೆಗೆ ನಾವು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಉಳಿಯಿಂದ ಬಳ್ಳಿ ಹೂವು ಕೊರೆಯುತ್ತೇವೆ. ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತೇವೆ. ಆಮೇಲೆ ಅರ ಹಾಕಿ ಉಜ್ಜಿದಾಗ ಮೊದಲಿನ ಕಪ್ಪು ಅಳಿದುಹೋಗುತ್ತದೆ. ಆಗ ಲೋಹವೂ ಬೆಳಗು, ಬೆಳ್ಳಿಯೂ ಬೆಳಗು. ಗಿರಾಕಿ ಆ ಹೊತ್ತಿಗೆ ಬಂದರೆ, ಇದರಲ್ಲಿ ನಕ್ಷೆಯೇ ಇಲ್ಲವಲ್ಲ ಎನ್ನುತ್ತಾನೆ. ನನಗೂ ಸರಿಯಾಗಿ ಕಾಣುವುದಿಲ್ಲ, ಬೆರಳು ಬಲ್ಲದು ಅಷ್ಟೇ. ಕೊನೆಗೆ ಪಾತ್ರೆಯನ್ನು ಸ್ವಲ್ಪ ಕಾಯಿಸಿ, ನಮ್ಮ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ತಿಕ್ಕಿದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಕಪ್ಪಾಗದೆ ಎದ್ದು ನಿಲ್ಲುತ್ತದೆ. ಅಲ್ಲಿಯವರೆಗೆ ಕಾಣಿಸದಿದ್ದ ಬೆಳ್ಳಿ ಕಾಣಿಸಿದ್ದು ಕತ್ತಲು ಕವಿದ ಮೇಲೆ. ಶಿಕ್ಷಕಿಯವರು ಬರೆದದ್ದನ್ನು ಓದಿದಾಗ ಇದು ನೆನಪಾಯಿತು.

ನಿವೃತ್ತ ಸಭಾಪಾಲಕ, ಹುಮನಾಬಾದ

ಕುಸುರಿಗಾರ ಸಾಹೇಬರೇ, ನಲವತ್ತು ವರ್ಷ ಪ್ರಸಂಗ ಮಾಡಿದ ನನಗೆ ಈ ಉದಾಹರಣೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. 1518ರಲ್ಲಿ ಹೈಡೆಲ್ಬರ್ಗ್ ಪಟ್ಟಣದಲ್ಲಿ ಮಾರ್ಟಿನ್ ಲೂಥರರು ತಮ್ಮ ಸನ್ಯಾಸಿ ಬಳಗದ ಮುಂದೆ ಮಂಡಿಸಿದ ವಾದ ಇದಕ್ಕೆ ಬಹಳ ಸಮೀಪದ್ದು. ದೇವರ ಮಹಿಮೆಯನ್ನು ಹೊಳೆಯುವ ಕಡೆಯಲ್ಲೇ ಹುಡುಕುವವರನ್ನು ಅವರು ಮಹಿಮೆಯ ಪಂಡಿತರೆಂದು ಕರೆದು, ಅಂಥವರು ಕೆಟ್ಟದ್ದನ್ನು ಒಳ್ಳೆಯದೆಂದೂ ಒಳ್ಳೆಯದನ್ನು ಕೆಟ್ಟದ್ದೆಂದೂ ಹೇಳುತ್ತಾರೆ ಎಂದರು. ಶ್ರಮೆ ಮತ್ತು ಶಿಲುಬೆಯ ಮೂಲಕ ದೇವರನ್ನು ಅರಿಯುವವನೇ ನಿಜವಾದ ಪಂಡಿತನೆಂದರು. ಅಲ್ಲಿ ಅವರು ಬಳಸಿದ ಮಾತು ದೇವರ ‘ಹಿಂಭಾಗ’. ವಿಮೋಚನಕಾಂಡ 33ರಲ್ಲಿ ಮೋಶೆ, ನಿನ್ನ ಮಹಿಮೆಯನ್ನು ನನಗೆ ತೋರಿಸು ಎಂದು ಬೇಡಿದಾಗ, ಬಂಡೆಯ ಸಂದಿನಲ್ಲಿ ಅವನನ್ನು ನಿಲ್ಲಿಸಿ, ಕೈಯಿಂದ ಮುಚ್ಚಿ, ದಾಟಿಹೋದ ಮೇಲೆ ಹಿಂಭಾಗವನ್ನು ಮಾತ್ರ ತೋರಿಸಲಾಯಿತು. ಮಹಿಮೆ ಅತ್ಯಂತ ಹತ್ತಿರದಲ್ಲಿ ಹಾದುಹೋದ ಗಳಿಗೆಯಲ್ಲಿ ಮೋಶೆಗೆ ಕಂಡದ್ದು ಕತ್ತಲೆ.

ಯೋಹಾನನ ಸುವಾರ್ತೆಯಲ್ಲಿ ಮನುಷ್ಯಕುಮಾರನು ಮಹಿಮೆಹೊಂದುವ ಗಳಿಗೆ ಎಂದರೆ ಶಿಲುಬೆಗೆ ಏರುವ ಗಳಿಗೆ. ಈ ಕಾರಣಕ್ಕೇ ಬಿದ್ರಿಯ ಉದಾಹರಣೆ ಒಂದು ಕಡೆ ನಿಲ್ಲುತ್ತದೆ ಎಂದೂ ಹೇಳಬೇಕು. ಮಣ್ಣು ತಿಕ್ಕಿದ ಪಾತ್ರೆಯ ಬೆಳ್ಳಿ ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾದಲ್ಲಿ ನಿಂತವರಲ್ಲಿ ಬಹುಮಂದಿಗೆ ಕಂಡದ್ದು ಒಬ್ಬ ಅಪರಾಧಿಯ ಸಾವು. ಬೇಥಾನ್ಯದಲ್ಲೂ ಹಾಗೆಯೇ. ಲಾಜರನು ಹೊರಗೆ ಬಂದದ್ದನ್ನು ಅಲ್ಲಿದ್ದವರೆಲ್ಲ ಕಂಡರು. ಕೆಲವರು ನಂಬಿದರು, ಕೆಲವರು ನೇರವಾಗಿ ಯೇಸುವಿನ ವಿರೋಧಿಗಳಾದ ಫರಿಸಾಯರೆಂಬ ಯೆಹೂದಿ ಪಂಗಡದವರ ಬಳಿಗೆ ಹೋಗಿ ವರದಿ ಒಪ್ಪಿಸಿದರು. ಮುಂದಿನ ಅಧ್ಯಾಯದಲ್ಲಿ ಮುಖ್ಯಯಾಜಕರು ಲಾಜರನನ್ನೂ ಕೊಲ್ಲಬೇಕೆಂದು ಆಲೋಚಿಸುತ್ತಾರೆ. ಸತ್ತವನು ಎದ್ದನೆಂಬ ಸಂಗತಿಯನ್ನು ಅವರು ಸಂದೇಹಿಸಲಿಲ್ಲ, ಉಪನ್ಯಾಸಕರೇ. ಅದು ನಿಜವಾದ್ದರಿಂದಲೇ ಅವರಿಗೆ ತಲೆನೋವಾಯಿತು. ಅದ್ಭುತವನ್ನು ಕಾಣುವುದಕ್ಕೆ ನಂಬಿಕೆ ಬೇಕಿರಲಿಲ್ಲ, ಕಣ್ಣು ಸಾಕಿತ್ತು. ಶಹಾಪುರದ ತಮ್ಮನೂ ಇದನ್ನು ಗಮನಿಸಲಿ.

ನೀವು ಕೇಳಿದ ಹದಿನೈದು ದಿನದ ಪರೀಕ್ಷೆ ನಮ್ಮಲ್ಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಬೇರೊಂದು ಪರೀಕ್ಷೆಯಿದೆ, ಅದು ನೋಡುವವನ ಮೇಲೆಯೇ ನಡೆಯುವಂಥದು. ಒಬ್ಬರಿಂದೊಬ್ಬರು ಮಾನವನ್ನು ಬಯಸುವ ನೀವು ನಂಬುವುದು ಹೇಗೆ ಎಂದು ಯೋಹಾನ 5:44ರಲ್ಲಿ ಪ್ರಶ್ನೆಯಿದೆ. ಅಲ್ಲಿ ‘ಮಾನ’ ಎಂದಿರುವ ಕಡೆ ಗ್ರೀಕಿನಲ್ಲಿ ಇರುವುದು ಧರ್ಮೋಪದೇಶಕಿಯವರು ಹೇಳಿದ ಅದೇ ದೋಕ್ಸ. ನಾಲ್ಕು ಜನರ ಮುಂದೆ ದೊಡ್ಡವನೆನಿಸಿಕೊಳ್ಳಬೇಕೆಂಬ ಕಣ್ಣಿಗೆ ಪೊರೆ ಬಂದಿರುತ್ತದೆ. ವೇದಿಕೆಯ ಮೇಲೆ ಅದ್ಭುತ ನಡೆಸುವ ಕೆಲವರನ್ನು ಕಂಡಾಗ ನನಗೆ ಈ ವಚನವೇ ನೆನಪಾಗುತ್ತದೆ. ಬಿಳಿ ಅಂಗಿ ತೊಟ್ಟು ಪೀಠವೇರುತ್ತಿದ್ದ ನನ್ನನ್ನೂ ಅದರಿಂದ ಹೊರಗಿಡುವುದಿಲ್ಲ.

ಸೇಡಂನ ಉಪನ್ಯಾಸಕ

ಇದನ್ನು ಪುರಾವೆಯೆಂದು ನಾನು ಒಪ್ಪುವುದಿಲ್ಲ, ಆದರೆ ಪ್ರಶ್ನೆಯಿಂದ ತಪ್ಪಿಸಿಕೊಂಡಿರಿ ಎಂದೂ ಹೇಳಲಾರೆ. ಯೋಹಾನನ ಹನ್ನೆರಡನೆಯ ಅಧ್ಯಾಯವನ್ನೂ ಓದಿದೆ. ಆಕಾಶದಿಂದ ಧ್ವನಿ ಬಂದಾಗ ಜನರಲ್ಲಿ ಕೆಲವರು ಗುಡುಗಿತು ಎಂದರು, ಕೆಲವರು ದೇವದೂತ ಮಾತಾಡಿದ ಎಂದರು ಎಂದು ಅಲ್ಲಿದೆ. ನಾನು ಆ ದಿನ ಅಲ್ಲಿದ್ದರೆ ಗುಡುಗು ಎಂದವರ ಸಾಲಿನಲ್ಲಿರುತ್ತಿದ್ದೆ. ಅಂಥವರ ಮಾತನ್ನೂ ಬಿಡದೆ ಬರೆದಿಟ್ಟಿದ್ದಾರಲ್ಲ, ಅದು ನನಗೆ ಇಷ್ಟವಾಯಿತು.

ಯಾದಗಿರಿಯ ನರ್ಸಮ್ಮ

ನಾನು ಮೂವತ್ತೊಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಗ್ರೀಕು, ಹೀಬ್ರೂ ನನಗೆ ಗೊತ್ತಿಲ್ಲ. ಆದರೆ ಎಲ್ಲರೂ ದೊಡ್ಡ ದೊಡ್ಡ ವಚನಗಳನ್ನು ಬಿಡಿಸುವ ಭರದಲ್ಲಿ ಈ ಮಗಳು ಬರೆದುಕೊಟ್ಟದ್ದನ್ನು ಹಾರಿಸಿ ಹೋಗಿದ್ದೀರಿ. ಅವಳೂ “ಅದಿರಲಿ” ಎಂದು ಹಾರಿಸಿಬಿಟ್ಟಿದ್ದಾಳೆ.

ಮಗಳೇ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ನಾಲ್ಕು ತಾಸು ಹೇಗಿರುತ್ತದೆಂದು ನಾನು ಕಂಡಿದ್ದೇನೆ. ಕೈಯಲ್ಲಿ ದಪ್ಪ ಸೂಜಿ, ಕಾಲಿನಲ್ಲಿ ಸೆಳೆತ, ಒಮ್ಮೊಮ್ಮೆ ಬಿಪಿ ಇಳಿದು ಕಣ್ಣು ಕತ್ತಲೆ. ನೀರು ಕುಡಿಯುವುದಕ್ಕೂ ಲೆಕ್ಕ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಒಂದು ಲೋಟ ನೀರಿಗಾಗಿ ದೊಡ್ಡ ಗಂಡಸರು ಮಕ್ಕಳಂತೆ ಜಗಳ ಮಾಡಿದ್ದನ್ನು ನೋಡಿದ್ದೇನೆ. ಅಂಥ ನೋವಿನಲ್ಲಿ ಮನುಷ್ಯನಿಗೆ ತನ್ನ ಹೆಸರೊಂದೇ ನೆನಪಿರುತ್ತದೆ, ಅದು ಯಾರ ತಪ್ಪೂ ಅಲ್ಲ. ನಿಮ್ಮ ತಂದೆ ಎರಡೂವರೆ ವರ್ಷ ಪಕ್ಕದ ಹಾಸಿಗೆಯವರ ಹೆಸರು ಹೇಳಿ ಪ್ರಾರ್ಥಿಸಿದರು, ತಮ್ಮ ಹೆಸರು ಮರೆತರು ಎಂದು ನೀನೇ ಬರೆದಿದ್ದೀ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಫೋನು ಕೆಳಗಿಟ್ಟೆ.

ದೇವರ ಮಹಿಮೆಯ ಪ್ರಕಾಶವು ಯೇಸುಕ್ರಿಸ್ತನ ಮುಖದಲ್ಲಿ ಕಾಣುತ್ತದೆ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿದೆ. ಅದೇ ಅಧ್ಯಾಯದಲ್ಲಿ ಆ ನಿಕ್ಷೇಪ ಮಣ್ಣಿನ ಪಾತ್ರೆಗಳಲ್ಲಿದೆ ಎಂದೂ ಇದೆ. ಆ ಬೋಧಕರು ಹುಡುಕಿದ್ದು ಎದ್ದು ನಡೆಯುವ ಕಾಲುಗಳನ್ನು; ಡಬ್ಬಿಯ ರೊಟ್ಟಿ ಅವರ ಕಣ್ಣಿಗೆ ಬೀಳಲಿಲ್ಲ. ಸಂದೇಹವಿದೆ ಎಂದು ಯಾರ ಮೇಲೆ ಬೆರಳು ತೋರಿಸಿದರೋ ಆ ನೀನು ಅದನ್ನು ನೋಡಿದ್ದೀ, ನೆನಪಿಟ್ಟಿದ್ದೀ. ಇನ್ನೊಂದು ಮಾತು: 40ಕ್ಕೆ ಮುಂಚೆ 35 ಇದೆ, ಅಲ್ಲಿ ಯೇಸು ಕಣ್ಣೀರು ಬಿಟ್ಟನು. ಇನ್ನು ಕೆಲವೇ ವಚನಗಳಲ್ಲಿ ಏನಾಗಲಿದೆ ಎಂದು ಗೊತ್ತಿದ್ದವನೇ ಅತ್ತನು. ನೀನು ಅತ್ತರೆ ನಂಬಿಕೆ ಕಡಿಮೆಯೆಂದು ಯಾರೂ ಹೇಳಬಾರದು.

ಶಹಾಪುರದ ಯುವಕ

ಅಮ್ಮನವರ ಮಾತು ಓದಿದೆ. ಸ್ವಸ್ಥತೆಯ ವಿಷಯದಲ್ಲಿ ನನ್ನ ನಂಬಿಕೆ ಬದಲಾಗಿಲ್ಲ, ದೇವರು ಇಂದಿಗೂ ಗುಣಪಡಿಸುತ್ತಾನೆ. ಆದರೆ ನನ್ನ ತಾಯಿಗೆ ಗುಣವಾದ ವರ್ಷವೇ, ಅದೇ ಉಪವಾಸ ಕೂಟದಲ್ಲಿ ಅವರ ಪಕ್ಕದಲ್ಲಿ ಮೊಣಕಾಲೂರಿದ್ದ ನಮ್ಮ ಚಿಕ್ಕಮ್ಮ ತೀರಿಹೋದರು. ಅವರ ನಂಬಿಕೆ ನನ್ನ ತಾಯಿಗಿಂತ ಕಡಿಮೆಯೆಂದು ನಾನು ಎಂದೂ ಅಂದುಕೊಂಡಿಲ್ಲ. ಅಕ್ಕ, ಮೊದಲು ಬರೆದ ಮಾತಿನಿಂದ ನೋವಾಗಿದ್ದರೆ ಕ್ಷಮಿಸಬೇಕು.

ಮಂಗಲಪೇಟೆಯ ಶಿಕ್ಷಕಿ, ಬೀದರ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಉತ್ತರಿಸಲು ಹನ್ನೆರಡು ದಿನ ತಡವಾಯಿತು. ಶಹಾಪುರದ ತಮ್ಮಾ, ನೋವೇನೂ ಆಗಿಲ್ಲ, ಚಿಕ್ಕಮ್ಮನವರ ವಿಷಯ ಬರೆದದ್ದು ಒಳ್ಳೆಯದಾಯಿತು.

ನರ್ಸಮ್ಮನವರ ಬರಹವನ್ನು ಅಮ್ಮನಿಗೂ ತಮ್ಮನಿಗೂ ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ತಮ್ಮ ಎದ್ದು ಹೋಗಿ ಅಪ್ಪನ ಸತ್ಯವೇದವನ್ನು ತಂದ. ಅದರೊಳಗೆ ಔರಾದ ಕಡೆಯ ಆ ಮುದುಕರ ಫೋನ್ ನಂಬರು ಬರೆದ ಚೀಟಿಯಿತ್ತು, ನಾವು ಕರೆ ಮಾಡಿದೆವು. ಅವರ ಮಗ ಎತ್ತಿದರು. ಮುದುಕರು ಅಪ್ಪನಿಗಿಂತ ಮೂರು ವಾರ ಮುಂಚೆಯೇ ತೀರಿಕೊಂಡಿದ್ದರಂತೆ. ಆ ಮೂರು ವಾರವೂ ಅಪ್ಪ ಅವರ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದರು. ಹಾಸಿಗೆ ಖಾಲಿಯಿದ್ದದ್ದನ್ನು ನೋಡಿ, ದಿನ ಬದಲಾಯಿಸಿಕೊಂಡಿರಬೇಕು ಎಂದು ನಾವೇ ಹೇಳಿದ್ದೆವು. ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ. ಉಪನ್ಯಾಸಕರು ಇದನ್ನು ಏನೆಂದು ಕರೆಯುತ್ತಾರೋ ತಿಳಿಯದು, ನಾನೂ ಇನ್ನೂ ಯಾವ ಹೆಸರನ್ನೂ ಇಟ್ಟಿಲ್ಲ.

ಕಲ್ಲಿನ ವಿಷಯ. ಸಭಾಪಾಲಕರು ಹೇಳಿದಂತೆ ಪೂರ್ತಿ ವಚನವನ್ನೇ ಹಾಕಿಸೋಣ ಎಂದು ತಮ್ಮನಿಗೆ ಹೇಳಿದೆ. ಜಾಗ ಸಾಲದು, ಅಕ್ಷರಕ್ಕಿಷ್ಟು ಎಂದು ಕೂಲಿ ಬೇರೆ ಎಂದ; ಆಮೇಲೆ ಅವನೇ ಅಪ್ಪನ ಹೆಸರಿನ ಅಕ್ಷರಗಳನ್ನು ಸಣ್ಣದು ಮಾಡಿಸಿ ಜಾಗ ಹೊಂದಿಸಿದ. ನಿನ್ನೆ ಕೆತ್ತುವವರು ಸುಣ್ಣದ ಕಡ್ಡಿಯಿಂದ ಕಲ್ಲಿನ ಮೇಲೆ ಬರೆದು ತೋರಿಸಿದರು. “ಹೇಳಲಿಲ್ಲವೇ” ಎಂಬಲ್ಲಿಗೆ ಬಂದು ನಿಂತು, ಇಷ್ಟು ವರ್ಷದಲ್ಲಿ ಸಮಾಧಿಯ ಕಲ್ಲಿಗೆ ಪ್ರಶ್ನೆಯ ಚಿಹ್ನೆ ಹಾಕಿದ್ದಿಲ್ಲ, ಇದಕ್ಕೆ ಬೇಕೇ ಎಂದು ಕೇಳಿದರು. ನಾನು ತಮ್ಮನ ಮುಖ ನೋಡಿದೆ. ಬೇಕು, ಸ್ವಲ್ಪ ಆಳವಾಗಿಯೇ ಹೊಡೆಯಿರಿ ಎಂದು ಅವನೇ ಹೇಳಿದ.